ಮುಳುಗುವ ಚೆಂಡು, ದಣಿಯುವ ತೋಳು

ಅಮೆರಿಕನ್ನರ ಬೇಸ್‌ಬಾಲ್ ಆಟದಲ್ಲಿ ‘ಸಿಂಕರ್’ ಎಂಬ ಎಸೆತವೊಂದಿದೆ. ಮುಳುಗುವ ಚೆಂಡು ಎಂದು ಅದರ ಅರ್ಥ. ವೇಗವಾಗಿ ನೇರಕ್ಕೆ ಬರುತ್ತಿರುವಂತೆ ಕಾಣುವ ಚೆಂಡು ದಾಂಡಿಗನ ಹತ್ತಿರ ಬರುತ್ತಲೇ ಕೆಳಗಿಳಿದುಬಿಡುತ್ತದೆ. ಬೀಸಿದ ದಾಂಡು ಚೆಂಡಿನ ನೆತ್ತಿಗೆ ತಗಲುತ್ತದೆ, ಚೆಂಡು ನೆಲದ ಮೇಲೆ ಉರುಳಿ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಬೇಸ್‌ಬಾಲ್ ಆಡುವವರು ವಿರಳ. ಆದರೂ ಆರೋಗ್ಯದ ಅಂಕಣದಲ್ಲಿ ಇದರ ಮಾತೇಕೆ ಎಂದರೆ, ಎಸೆಯುವ ತೋಳಿನ ಬಗ್ಗೆ ವೈದ್ಯಶಾಸ್ತ್ರ ಕಲಿತ ಪಾಠದಲ್ಲಿ ದೊಡ್ಡ ಪಾಲು ಆ ಆಟದಿಂದಲೇ ಬಂದದ್ದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಯಲಿನಲ್ಲಿ ಭಾನುವಾರ ಬೆಳಗಿನಿಂದ ಕತ್ತಲಾಗುವವರೆಗೆ ಟೆನಿಸ್ ಚೆಂಡಿನ ಕ್ರಿಕೆಟ್ ಆಡುವ ಹುಡುಗರ ಭುಜ, ಮೊಣಕೈ, ಬೆನ್ನುಗಳಿಗೂ ಆ ಪಾಠ ಅನ್ವಯಿಸುತ್ತದೆ.

ಚೆಂಡು ಏಕೆ ಮುಳುಗುತ್ತದೆ ಎಂಬುದನ್ನು ಮೊದಲು ನೋಡೋಣ. ಎಸೆದ ಯಾವ ಚೆಂಡಾದರೂ ಭೂಮಿಯ ಸೆಳೆತಕ್ಕೆ ಕೆಳಗಿಳಿಯಲೇಬೇಕು. ಸಾಮಾನ್ಯ ವೇಗದ ಎಸೆತದಲ್ಲಿ ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ಹೋಗುತ್ತದೆ. ಆ ಸುತ್ತಿನಿಂದ ಗಾಳಿ ಚೆಂಡನ್ನು ತುಸು ಮೇಲಕ್ಕೆ ಹಿಡಿದುಕೊಳ್ಳುತ್ತದೆ. ಇದಕ್ಕೆ ಜರ್ಮನಿಯ ವಿಜ್ಞಾನಿಯ ಹೆಸರಿನಲ್ಲಿ ಮ್ಯಾಗ್ನಸ್ ಪರಿಣಾಮ ಎನ್ನುತ್ತಾರೆ. ಸಿಂಕರ್ ಎಸೆಯುವವನು ಎರಡು ಬೆರಳುಗಳನ್ನು ಹೊಲಿಗೆಯ ಉದ್ದಕ್ಕೆ ಇಟ್ಟು, ಸುತ್ತು ಓರೆಯಾಗುವಂತೆ ಬಿಡುತ್ತಾನೆ. ಗಾಳಿಯ ಆಸರೆ ಕಡಿಮೆಯಾಗುತ್ತದೆ. ಚೆಂಡು ಇಳಿಯುತ್ತದೆ. ಕ್ರಿಕೆಟ್ಟಿನಲ್ಲಿ ಚೆಂಡನ್ನು ಮುಮ್ಮುಖವಾಗಿ ಸುತ್ತಿಸಿದರೆ ಗಾಳಿಯೇ ಅದನ್ನು ಕೆಳಕ್ಕೆ ತಳ್ಳುತ್ತದೆ.

ಈ ಕೆಲಸದಲ್ಲಿ ಪಳಗಿದವರು ನಮ್ಮವರೇ ಒಬ್ಬರಿದ್ದರು. 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಅವರ ಬಲಗೈಗೆ ಬಾಲ್ಯದಲ್ಲಿ ಪೋಲಿಯೊ ತಗುಲಿ ತೋಳು ಸೊರಗಿತು. ಆ ಸೊರಗಿದ ತೋಳಿನಿಂದಲೇ ಅವರು ಮಧ್ಯಮ ವೇಗದ ಬೌಲರನಷ್ಟು ಜೋರಾಗಿ ಗೂಗ್ಲಿ, ಟಾಪ್‌ಸ್ಪಿನ್ ಹಾಕಿ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಗೆಲುವು ತಂದುಕೊಟ್ಟರು. ವೈದ್ಯರ ಕಣ್ಣಿಗೆ ಇನ್ನೂ ಕುತೂಹಲದ ಸಂಗತಿಯೊಂದಿದೆ. ಬಲಗೈಯಲ್ಲಿ ಬೌಲ್ ಮಾಡುತ್ತಿದ್ದ ಚಂದ್ರಶೇಖರ್ ಫೀಲ್ಡಿಂಗ್ ಮಾಡುವಾಗ ಚೆಂಡನ್ನು ಎಡಗೈಯಲ್ಲಿ ಎಸೆಯುತ್ತಿದ್ದರು. ಬೌಲಿಂಗ್ ಬೇರೆ, ಎಸೆಯುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. (ಭಾರತದಲ್ಲಿ ಕಾಡು ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಹಾಗೆಂದು ಮಗುವಿಗೆ ಹನಿ ಹಾಕಿಸುವುದನ್ನು ಬಿಡುವಂತಿಲ್ಲ.)

ಮೊಣಕೈಗೆ ಹೆಸರಾದ ಒಬ್ಬ ಆಟಗಾರ

ಎಸೆಯುವಾಗ ಮೊಣಕೈ ಮೊದಲು ಮಡಚಿಕೊಂಡು ಆಮೇಲೆ ಛಟ್ಟನೆ ನೆಟ್ಟಗಾಗುತ್ತದೆ. ಕೈ ಹಿಂದಕ್ಕೆ ಬಾಗಿ ಮುಂದಕ್ಕೆ ಹೊರಡುವ ಆ ಕ್ಷಣದಲ್ಲಿ ಮೊಣಕೈಯ ಒಳಮಗ್ಗುಲು ಬಾಯಿ ತೆರೆಯುವಂತೆ ಹಿಗ್ಗುತ್ತದೆ. ಅದನ್ನು ಹಿಡಿದಿಡುವುದು ಎರಡು ಮೂಳೆಗಳನ್ನು ಕಟ್ಟಿರುವ ಒಂದು ಸಣ್ಣ ಅಸ್ಥಿರಜ್ಜು, ಅಂದರೆ ಲಿಗಮೆಂಟ್. ವೃತ್ತಿಪರ ಬೇಸ್‌ಬಾಲ್ ಎಸೆಗಾರನ ತೋಳು ಭುಜದ ಕೀಲಿನಲ್ಲಿ ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ತಿರುಗುತ್ತದೆ ಎಂದು ಅಳೆದಿದ್ದಾರೆ. ಮನುಷ್ಯ ದೇಹದ ಚಲನೆಗಳಲ್ಲಿ ಇದಕ್ಕಿಂತ ವೇಗವಾದದ್ದು ಸಿಗುವುದು ಕಷ್ಟ. ಆ ಹೊತ್ತಿನಲ್ಲಿ ಮೊಣಕೈ ಮೇಲೆ ಬೀಳುವ ತಿರುಚು ಬಲವನ್ನು ಆ ಲಿಗಮೆಂಟ್ ಒಂದೇ ತಡೆಯಲಾರದು. ಸುತ್ತಲಿನ ಸ್ನಾಯುಗಳು ಪಾಲು ಹೊರುತ್ತವೆ. ಸ್ನಾಯು ದಣಿದರೆ ಪಾಲು ಹೊರುವವರಿಲ್ಲ.

ಟಾಮಿ ಜಾನ್ ಎಂಬ ಎಡಗೈ ಎಸೆಗಾರನಿಗೆ ಆದದ್ದು ಇದೇ. ಅವನ ಮುಖ್ಯ ಅಸ್ತ್ರ ಸಿಂಕರ್. 1974ರ ಜುಲೈನಲ್ಲಿ ಆಟದ ನಡುವೆ ಅವನ ಮೊಣಕೈಯ ಲಿಗಮೆಂಟ್ ಹರಿಯಿತು. ಅಲ್ಲಿಯವರೆಗೆ ಹಾಗಾದ ಆಟಗಾರರು ಮನೆಗೆ ಹೋಗುತ್ತಿದ್ದರು. ಲಾಸ್ ಏಂಜಲೀಸ್‌ನ ಡಾ. ಫ್ರಾಂಕ್ ಜೋಬ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವನ ಬಲಗೈ ಮುಂಗೈಯಿಂದ ಒಂದು ಸ್ನಾಯುರಜ್ಜು ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ರಂಧ್ರ ಕೊರೆದು ದಾರದಂತೆ ಪೋಣಿಸಿ ಹೊಸ ಲಿಗಮೆಂಟ್ ಕಟ್ಟಿದರು. ಗೆಲ್ಲುವ ಸಾಧ್ಯತೆ ನೂರಕ್ಕೆ ಒಂದು ಎಂದು ಅವರೇ ಹೇಳಿದ್ದರು. ಜಾನ್ 1975 ಪೂರ್ತಿ ಹೊರಗಿದ್ದು 1976ರಲ್ಲಿ ಮರಳಿದ. 1989ರವರೆಗೆ, 46ನೆಯ ವಯಸ್ಸಿನವರೆಗೆ ಆಡಿದ. ಅವನ 288 ಗೆಲುವುಗಳಲ್ಲಿ 164 ಬಂದದ್ದು ಶಸ್ತ್ರಚಿಕಿತ್ಸೆಯ ನಂತರ. ಇಂದಿಗೂ ಆ ಶಸ್ತ್ರಚಿಕಿತ್ಸೆಗೆ ಅವನದೇ ಹೆಸರು.

ತೆಗೆದ ಆ ಸ್ನಾಯುರಜ್ಜು ಎಲ್ಲಿದೆ ಎಂದು ಓದುಗರು ಈಗಲೇ ನೋಡಿಕೊಳ್ಳಬಹುದು. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟನ್ನು ಸ್ವಲ್ಪ ಮಡಚಿರಿ. ಮಣಿಕಟ್ಟಿನ ನಡುವೆ ತಂತಿಯಂತೆ ಎದ್ದು ಕಾಣುವುದೇ ಅದು. ಕೆಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ. ಗಾಬರಿ ಬೇಡ, ಕೈಕೆಲಸಕ್ಕೆ ಅದರಿಂದ ಯಾವ ಕೊರತೆಯೂ ಇಲ್ಲ.

ಎಲ್ಲರೂ ಜಾನ್‌ನಷ್ಟು ಅದೃಷ್ಟವಂತರಲ್ಲ. 2006ರಲ್ಲಿ ತನ್ನ ಲೀಗಿನ ಶ್ರೇಷ್ಠ ಎಸೆಗಾರನೆಂದು ಪ್ರಶಸ್ತಿ ಪಡೆದ ಬ್ರ್ಯಾಂಡನ್ ವೆಬ್ ಸಹ ಸಿಂಕರ್ ಪ್ರವೀಣ. 2009ರ ಮೊದಲ ಪಂದ್ಯದಲ್ಲಿ ಭುಜ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾದರೂ ಮೇಲಿನ ಮಟ್ಟದ ಆಟಕ್ಕೆ ಮತ್ತೆ ಬರಲಿಲ್ಲ. ಇಷ್ಟರಿಂದ ಸಿಂಕರ್ ಎಸೆತವೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ತೋಳು ಕೆಡುವುದು ಬೆರಳು ಹಿಡಿದ ರೀತಿಗಿಂತ ಹೆಚ್ಚಾಗಿ ವೇಗದಿಂದ, ಎಸೆತಗಳ ಸಂಖ್ಯೆಯಿಂದ, ದಣಿದ ಮೇಲೂ ಎಸೆಯುವುದರಿಂದ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ತೋಳು ದಣಿದಿದ್ದರೂ ಎಸೆಯುವ ಅಭ್ಯಾಸವಿದ್ದ ಹದಿಹರೆಯದವರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗುವ ಸಂಭವ ಸುಮಾರು 36 ಪಟ್ಟು ಹೆಚ್ಚಿತ್ತು. ವರ್ಷದಲ್ಲಿ ಎಂಟು ತಿಂಗಳಿಗಿಂತ ಹೆಚ್ಚು ಕಾಲ ಸ್ಪರ್ಧೆಗಳಲ್ಲಿ ಎಸೆಯುವವರಲ್ಲಿ 5 ಪಟ್ಟು.

ಶ್ರೀನಾಥರ ಭುಜ, ಪ್ರಸಿದ್ಧರ ಬೆನ್ನು

ಬೌಲಿಂಗಿನಲ್ಲಿ ಮೊಣಕೈ ನೆಟ್ಟಗಿರಬೇಕೆಂಬುದು ನಿಯಮ. 15 ಡಿಗ್ರಿಯವರೆಗೆ ಮಾತ್ರ ವಿನಾಯಿತಿ. ಆದ್ದರಿಂದ ಬೌಲರನ ಮೊಣಕೈ ಬಹುಮಟ್ಟಿಗೆ ಪಾರಾಗುತ್ತದೆ. ಭಾರ ಬೀಳುವುದು ಭುಜಕ್ಕೆ ಮತ್ತು ಸೊಂಟಕ್ಕೆ.

ಮೈಸೂರಿನ ಜಾವಗಲ್ ಶ್ರೀನಾಥ್ ಆಗ ಭಾರತದ ಅತ್ಯಂತ ವೇಗದ ಬೌಲರ್. 1997ರ ಮಾರ್ಚಿನ ಹೊತ್ತಿಗೆ ಭುಜದ ‘ರೊಟೇಟರ್ ಕಫ್’ ಪೆಟ್ಟಾಗಿ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡರು. ಮರಳಿದ್ದು ನವೆಂಬರಿನಲ್ಲಿ. ರೊಟೇಟರ್ ಕಫ್ ಎಂದರೆ ಭುಜದ ಗುಂಡನ್ನು ನಾಲ್ಕು ಕಡೆಯಿಂದ ಅಪ್ಪಿ ಹಿಡಿದಿರುವ ನಾಲ್ಕು ಸಣ್ಣ ಸ್ನಾಯುಗಳು. ಭುಜದ ಕೀಲು ಆಳವಾದ ಬಟ್ಟಲಲ್ಲ, ತಟ್ಟೆಯ ಮೇಲಿಟ್ಟ ನಿಂಬೆಹಣ್ಣು. ಅದನ್ನು ಜಾರದಂತೆ ಹಿಡಿಯುವುದು ಈ ನಾಲ್ವರ ಕೆಲಸ. ಚೆಂಡು ಬಿಟ್ಟ ಮೇಲೆ, ಹಾರಿಹೋಗುತ್ತಿರುವ ತೋಳಿಗೆ ಬ್ರೇಕ್ ಹಾಕುವವೂ ಇವೇ. ಚೆಂಡು ಹೋದಮೇಲೆ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಭುಜಕ್ಕೆ ನಿಜವಾದ ಕಷ್ಟ ಶುರುವಾಗುವುದೇ ಆಗ. ಆ ಬಿಡುವಿನ ನಂತರ ಶ್ರೀನಾಥ್ 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟಿನಲ್ಲಿ 13 ವಿಕೆಟ್ ಪಡೆದರು, 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಗಳಿಸಿ ನಿವೃತ್ತರಾದರು. ಎಂಟು ತಿಂಗಳು ಸುಮ್ಮನಿದ್ದದ್ದು ನಷ್ಟವೇನೂ ಆಗಲಿಲ್ಲ.

ಈ ಪೀಳಿಗೆಯ ಪ್ರಸಿದ್ಧ ಕೃಷ್ಣ ಬೆಂಗಳೂರಿನವರು. ಸೊಂಟದ ಮೂಳೆಯಲ್ಲಿ ಬಿರುಕು ಕಂಡು 2023ರ ಐ.ಪಿ.ಎಲ್. ಪೂರ್ತಿ ಹೊರಗುಳಿದರು, ಅದೇ ವರ್ಷ ಆಗಸ್ಟಿನಲ್ಲಿ ಐರ್ಲೆಂಡಿನಲ್ಲಿ ಮತ್ತೆ ಆಡಿದರು. ಆಸ್ಟ್ರೇಲಿಯದ ಡೆನಿಸ್ ಲಿಲಿ ಅವರಿಗೂ 1973ರಲ್ಲಿ ಇದೇ ಆಗಿತ್ತು. ಇದು ಬಿದ್ದು ಮುರಿಯುವ ಮೂಳೆಯಲ್ಲ. ತಂತಿಯನ್ನು ಅತ್ತ ಇತ್ತ ಹಲವು ಸಲ ಬಗ್ಗಿಸಿದರೆ ಹೇಗೆ ಕೊನೆಗೆ ಸೀಳು ಬಿಡುತ್ತದೋ ಹಾಗೆ. ವೇಗದ ಬೌಲರ್ ಮುಂಗಾಲನ್ನು ನೆಲಕ್ಕೆ ಊರಿದಾಗ ಅವನ ಮೈತೂಕದ ಐದಾರು ಪಟ್ಟು, ಕೆಲವರಲ್ಲಿ ಅದಕ್ಕೂ ಹೆಚ್ಚು ಬಲ ಕಾಲಿನ ಮೂಲಕ ಮೇಲೇರುತ್ತದೆ. ಅದೇ ಕ್ಷಣಕ್ಕೆ ಬೆನ್ನು ಹಿಂದಕ್ಕೆ, ಪಕ್ಕಕ್ಕೆ ಬಾಗಿ ತಿರುಚಿರುತ್ತದೆ. ಮತ್ತೆ ಮತ್ತೆ ಹೀಗಾದಾಗ ಸೊಂಟದ ಕೆಳಭಾಗದ ಕಶೇರುಕದಲ್ಲಿ ಕೂದಲೆಳೆಯಷ್ಟು ಬಿರುಕು ಮೂಡುತ್ತದೆ.

ಟೆನಿಸ್ ಚೆಂಡು ಹಗುರ, ಅದರಿಂದ ಏನಾದೀತು ಎನ್ನುವವರಿದ್ದಾರೆ. ಟೆನಿಸ್ ಚೆಂಡಿನ ತೂಕ 60 ಗ್ರಾಂಗೂ ಕಡಿಮೆ, ಕ್ರಿಕೆಟ್ ಚೆಂಡಿನದು 156ರಿಂದ 163 ಗ್ರಾಂ, ನಿಜ. ಆದರೆ ನೆಲಕ್ಕೆ ಅಪ್ಪಳಿಸುವುದು ಚೆಂಡಲ್ಲ, ಹುಡುಗನ ಮೈ. ಅದರ ತೂಕ ಎರಡಕ್ಕೂ ಒಂದೇ. ಅದೂ ಬರಿಗಾಲಿನಲ್ಲಿ, ಬಿಸಿಲಿಗೆ ಸುಟ್ಟು ಕಲ್ಲಿನಂತಾದ ಕೆಂಪು ಮಣ್ಣಿನ ಮೇಲೆ. ಮೊದಲೆಲ್ಲ ಬತ್ತಿದ ಕೆರೆಯಂಗಳಗಳು ನಮ್ಮ ಹುಡುಗರ ಮೈದಾನವಾಗಿದ್ದವು. 2018ರಿಂದ ಕೆ.ಸಿ. ವ್ಯಾಲಿಯ ನೀರು ಹರಿದು ಹಲವು ಕೆರೆಗಳು ತುಂಬಿದವು, ಮೈದಾನ ಹೋಯಿತು. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ!

ಇನ್ನೊಂದು ವಿಷಯ. ಇಂಥ ಪಂದ್ಯಾವಳಿಗಳಲ್ಲಿ ಒಬ್ಬನಿಗೆ ಸಿಗುವುದು ಒಂದು ಪಂದ್ಯಕ್ಕೆ ಎರಡೇ ಓವರ್. ಆದರೆ ಗೆದ್ದ ತಂಡ ಒಂದೇ ದಿನ ನಾಲ್ಕು ಪಂದ್ಯ ಆಡುವುದುಂಟು. ನಡುವೆ ಮರದ ನೆರಳಲ್ಲಿ ಕುಳಿತು ಮೈ ತಣ್ಣಗಾಗಿರುತ್ತದೆ. ಹೆಸರು ಕೂಗಿದೊಡನೆ ಎದ್ದು ಹೋಗಿ ಮೊದಲ ಚೆಂಡನ್ನೇ ಪೂರ್ಣ ವೇಗದಲ್ಲಿ ಹಾಕುತ್ತಾನೆ. ಬೌಂಡರಿಯಿಂದ ವಿಕೆಟ್ಟಿಗೆ ಬೀಸಿ ಎಸೆದವುಗಳ ಲೆಕ್ಕವನ್ನಂತೂ ಯಾರೂ ಇಡುವುದಿಲ್ಲ. ಅದು ಬೌಲಿಂಗ್ ಅಲ್ಲ, ಬೇಸ್‌ಬಾಲಿನದೇ ಎಸೆತ, ಮೊಣಕೈಗೆ ಅದೇ ಪೆಟ್ಟು.

ಎಳೆಯ ಮೂಳೆ

ಹನ್ನೊಂದರಿಂದ ಹದಿನಾರು ವರ್ಷದ ಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಬೆಳೆಯುವ ಮೂಳೆಯ ತುದಿಯಲ್ಲಿ ಮೆದುಮೂಳೆಯ ಒಂದು ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ದೊಡ್ಡವರಲ್ಲಿ ಲಿಗಮೆಂಟ್ ಹರಿಯುವ ಕಡೆ ಮಕ್ಕಳಲ್ಲಿ ಈ ಪದರವೇ ಎಳೆದುಕೊಂಡು ಸಡಿಲವಾಗುತ್ತದೆ, ಏಕೆಂದರೆ ಲಿಗಮೆಂಟಿಗಿಂತ ಅದೇ ದುರ್ಬಲ. ಅಮೆರಿಕದಲ್ಲಿ ಇದಕ್ಕೆ ಮಕ್ಕಳ ಲೀಗಿನ ಹೆಸರನ್ನೇ ಕೊಟ್ಟು ‘ಲಿಟಲ್ ಲೀಗ್ ಮೊಣಕೈ’ ಎನ್ನುತ್ತಾರೆ. ಸಕಾಲದಲ್ಲಿ ಎಸೆಯುವುದನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವು ವಾರಗಳ ವಿಶ್ರಾಂತಿಯಲ್ಲಿ ಕೂಡಿಕೊಳ್ಳುತ್ತದೆ. ನಿಲ್ಲಿಸದಿದ್ದರೆ ಮೂಳೆಯ ಚೂರು ಕಿತ್ತು ಬರಬಹುದು, ಕೈ ಪೂರ್ತಿ ನೆಟ್ಟಗಾಗದೆ ಉಳಿಯಬಹುದು.

ಈ ಕಾರಣಕ್ಕೆ ಲಿಟಲ್ ಲೀಗಿನವರು 2007ರಿಂದ ಎಸೆತಗಳಿಗೆ ಮಿತಿ ಹಾಕಿದ್ದಾರೆ. ದಿನಕ್ಕೆ 11-12 ವರ್ಷದವರಿಗೆ 85, 13ರಿಂದ 16ರವರಿಗೆ 95. ಹದಿನಾಲ್ಕರೊಳಗಿನವನು ಒಂದು ದಿನ 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ ಕಡ್ಡಾಯ. ವೇಗದ ಬೌಲಿಂಗಿಗೆ ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಬಹುಕಾಲ ಅನುಸರಿಸಿದ ಸೂಚನೆ ಇನ್ನೂ ಬಿಗಿ: 13ರೊಳಗಿನವನಿಗೆ ಒಂದು ಸರದಿಗೆ 5 ಓವರ್, ದಿನಕ್ಕೆ 10, 15ರೊಳಗಿನವನಿಗೆ ಸರದಿಗೆ 6, ದಿನಕ್ಕೆ 12, 17ರೊಳಗಿನವನಿಗೆ 7 ಮತ್ತು 18. ನಮ್ಮ ಊರಿನ ಅಂಗಳಕ್ಕೆ ಇವನ್ನು ಹಾಗೆಯೇ ತರಬಹುದು. ನೆಟ್ಸ್ ಅಭ್ಯಾಸವನ್ನೂ ಇದರಲ್ಲಿಯೇ ಎಣಿಸಬೇಕು ಎಂಬುದನ್ನು ಮರೆಯಬಾರದು. ಶಾಲೆಯ ದೈಹಿಕ ಶಿಕ್ಷಕರು ಒಂದು ನೋಟ್‌ಬುಕ್ ಇಟ್ಟರೆ ಸಾಕು, ಯಂತ್ರವೇನೂ ಬೇಕಿಲ್ಲ.

ಯಾವ ನೋವನ್ನು ಅಲಕ್ಷಿಸಬಾರದು?

ಆಡಿದ ಮರುದಿನ ತೋಳಿನ ಮಾಂಸಖಂಡಗಳು ನೋಯುವುದು ಸಹಜ. ಎರಡು ದಿನದಲ್ಲಿ ಹೋಗುತ್ತದೆ. ಆದರೆ ಮೊಣಕೈಯ ಒಳಮಗ್ಗುಲ ಮೂಳೆಯನ್ನು ಬೆರಳಿನಿಂದ ಒತ್ತಿದಾಗ ನೋವು, ಕೈ ಪೂರ್ತಿ ಚಾಚಲಾಗದಿರುವುದು, ಉಂಗುರ ಬೆರಳು ಮತ್ತು ಕಿರುಬೆರಳು ಜುಮ್ಮೆನ್ನುವುದು, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಂಥ ಭುಜದ ನೋವು, ಇವು ಕಂಡರೆ ಚೆಂಡು ಕೆಳಗಿಡಬೇಕು. ಬೆನ್ನಿಗೊಂದು ಸುಲಭ ಪರೀಕ್ಷೆಯಿದೆ. ಒಂಟಿಕಾಲಲ್ಲಿ ನಿಂತು ನಿಧಾನವಾಗಿ ಹಿಂದಕ್ಕೆ ಬಾಗಲಿ. ಸೊಂಟದ ಒಂದೇ ಪಕ್ಕದಲ್ಲಿ, ಅದರಲ್ಲೂ ಬಲಗೈ ಬೌಲರನಿಗೆ ಎಡಪಕ್ಕದಲ್ಲಿ ನೋವು ಚುಚ್ಚಿದರೆ ಬಿರುಕಿನ ಶಂಕೆ ಬಲವಾಗುತ್ತದೆ. ಆರಂಭದಲ್ಲಿ ಕ್ಷ-ಕಿರಣ ಚಿತ್ರದಲ್ಲಿ ಏನೂ ಕಾಣದಿರಬಹುದು, ಎಂ.ಆರ್.ಐ. ಬೇಕಾಗುತ್ತದೆ. ಬೇಗ ಪತ್ತೆಯಾದರೆ ಮೂರರಿಂದ ಆರು ತಿಂಗಳು ಬೌಲಿಂಗ್ ಬಿಟ್ಟು ಬಿರುಕು ಕೂಡಿಸಿಕೊಳ್ಳಬಹುದು.

ಇಲ್ಲಿ ನಮ್ಮ ಜಿಲ್ಲೆಯ ಒಂದು ವಿಶೇಷ ತೊಡಕಿದೆ. ಇಲ್ಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ, ಎಂಬುದು ಭಾರತೀಯ ಮಾನಕ. ಹಲ್ಲಿನ ಮೇಲೆ ಕಂದು ಕಲೆ, ವಯಸ್ಸಾದವರಲ್ಲಿ ಬೆನ್ನು ಬಿಗಿತ, ಕೀಲುನೋವು ನಮಗೆ ಹೊಸದಲ್ಲ. ಹೀಗಾಗಿ ಹುಡುಗ ಬೆನ್ನು ನೋವೆಂದರೆ ‘ಎಲ್ಲಾ ಈ ನೀರಿಂದ ಕಣೋ’ ಎಂದು ಹಿರಿಯರು ಅಲ್ಲಿಗೇ ಬಿಡುತ್ತಾರೆ. ಮೂಳೆಗೆ ಇಳಿಯುವ ಫ್ಲೋರೋಸಿಸ್ ಸಾಮಾನ್ಯವಾಗಿ ಹಲವು ವರ್ಷ ಅಂಥ ನೀರು ಕುಡಿದ ಮೇಲೆ ಬರುತ್ತದೆ, ಬೆನ್ನಿನ ಒಂದೇ ಬಿಂದುವಿನಲ್ಲಿ ನಿಲ್ಲುವುದಿಲ್ಲ. ಹದಿನೈದರ ಬೌಲರನಿಗೆ ಒಂದೇ ಪಕ್ಕ ನೋವಿದ್ದರೆ ಮೊದಲು ಬಿರುಕನ್ನು ನೆನೆಯಬೇಕು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕುಡಿಯಲು, ಅಡುಗೆಗೆ ಶುದ್ಧೀಕರಣ ಘಟಕದ ನೀರು ತರುವುದೇ ದಾರಿ. ಮೂಳೆಗೆ ಬೇಕಾದ ಸುಣ್ಣದಂಶಕ್ಕಂತೂ ನಾವು ಅಂಗಡಿಗೆ ಹೋಗಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಅಕ್ಕಿ ಹತ್ತಿರಕ್ಕೂ ಬರುವುದಿಲ್ಲ. ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನಕ್ಕೆ, ಬಿಸ್ಕತ್ತಿಗೆ ಹೋದದ್ದು ಬುದ್ಧಿವಂತಿಕೆಯಲ್ಲ.

ಚಿಕಿತ್ಸೆಯ ಮಾತು

ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷದಂತೆ ದಿನಕ್ಕೆ ಮೂರ್ನಾಲ್ಕು ಸಲ ಇಡಬಹುದು. ಬಿಸಿ ಎಣ್ಣೆ ಹಚ್ಚಿ ಬಲವಾಗಿ ತೀಡುವುದು, ಕೈ ಹಿಡಿದು ‘ನೆಟಿಗೆ ತೆಗೆಯುವುದು’ ಆ ಹಂತದಲ್ಲಿ ಕೂಡದು. ಮುರಿದ ಮೂಳೆಗೆ ಆಂಧ್ರದ ಪುತ್ತೂರು ಕಟ್ಟು ನಮ್ಮ ಕಡೆ ಹೆಸರುವಾಸಿ, ಅದನ್ನು ನಂಬುವವರು ಬಹಳ. ಆದರೆ ಹರಿದ ಲಿಗಮೆಂಟಾಗಲಿ, ಮಕ್ಕಳ ಬೆಳವಣಿಗೆಯ ಪದರವಾಗಲಿ ಕೈಗೆ ತಗುಲುವ ಮುರಿತವಲ್ಲ. ಕ್ಷ-ಕಿರಣ ಚಿತ್ರ ನೋಡದೆ ಯಾರೂ ಕಟ್ಟು ಹಾಕುವುದು ಸರಿಯಲ್ಲ. ಪಂದ್ಯಕ್ಕೆ ಮುಂಚೆ ನೋವಿನ ಮಾತ್ರೆ ನುಂಗಿ ಮೈದಾನಕ್ಕಿಳಿಯುವುದು ಇನ್ನೂ ಕೆಟ್ಟದ್ದು. ನೋವು ಕಾವಲುಗಾರ, ಅವನ ಬಾಯಿಗೆ ಬಟ್ಟೆ ತುರುಕಿದರೆ ಕಳ್ಳನಿಗೆ ಅನುಕೂಲ.

ನೋವು ಇಳಿದ ಮೇಲೆ ಭುಜಕ್ಕೆ ಒಂದು ವ್ಯಾಯಾಮ. ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಕಿಟಕಿಯ ಸರಳಿಗೆ ಕಟ್ಟಿ. ಪಕ್ಕಕ್ಕೆ ನಿಂತು, ಮೊಣಕೈಯನ್ನು 90 ಡಿಗ್ರಿ ಮಡಚಿ, ಮಡಿಸಿದ ಟವೆಲ್ಲನ್ನು ಮೊಣಕೈ ಮತ್ತು ಪಕ್ಕೆಯ ನಡುವೆ ಒತ್ತಿ ಹಿಡಿದು, ಟ್ಯೂಬನ್ನು ನಿಧಾನವಾಗಿ ಹೊರಕ್ಕೆ ಎಳೆಯಿರಿ. ಅಷ್ಟೇ ನಿಧಾನವಾಗಿ ಒಳಕ್ಕೆ ಬಿಡಿ. 15 ಸಲದಂತೆ ಎರಡು ಸುತ್ತು, ವಾರಕ್ಕೆ ಮೂರು ದಿನ. ಬಿಡುವಾಗ ನಿಧಾನಿಸುವುದೇ ಮುಖ್ಯ, ಬ್ರೇಕ್ ಹಾಕುವ ಸ್ನಾಯುಗಳಿಗೆ ಬಲ ಬರುವುದು ಅದರಿಂದ.

ಈ ವ್ಯಾಯಾಮ ಆಟಗಾರರಿಗೆ ಮಾತ್ರ ಎಂದು ತಿಳಿಯಬೇಕಿಲ್ಲ. ಮಾಲೂರಿನ ಗೂಡುಗಳಲ್ಲಿ ಕೈಯಿಂದ ಕೈಗೆ ಇಟ್ಟಿಗೆ ಎಸೆದು ಲಾರಿ ತುಂಬುವವರು, ಶ್ರೀನಿವಾಸಪುರದ ತೋಪುಗಳಲ್ಲಿ ಇಡೀ ದಿನ ಕೈ ಮೇಲೆತ್ತಿ ಮಾವು ಇಳಿಸುವವರು, ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಬಾಕ್ಸ್ ಹೊರುವವರು ಎಲ್ಲರೂ ದುಡಿಸಿಕೊಳ್ಳುವುದು ಅದೇ ನಾಲ್ಕು ಸಣ್ಣ ಸ್ನಾಯುಗಳನ್ನು. ಬೌಲರನಿಗೆ ಎಂಟು ತಿಂಗಳು ವಿಶ್ರಾಂತಿ ಕೊಡಲು ಮಂಡಳಿಯಿದೆ. ಇವರಿಗೆ ಕೂಲಿ ತಪ್ಪುತ್ತದೆ. ಆದ್ದರಿಂದ ಇವರು ನೋವು ಹೇಳಿಕೊಳ್ಳುವ ಹೊತ್ತಿಗೆ ಸ್ನಾಯು ಅರ್ಧ ಸವೆದಿರುತ್ತದೆ. ಒಂದೇ ಕೈಯ ಕೆಲಸವನ್ನು ಸರದಿಯ ಮೇಲೆ ಬದಲಾಯಿಸಿಕೊಳ್ಳುವುದು, ಭುಜಕ್ಕಿಂತ ಮೇಲೆ ಎತ್ತುವ ಕಡೆ ಒಂದು ಮೆಟ್ಟಿಲು ಇಡುವುದು, ಮಾಲೀಕರ ಮನಸ್ಸಿದ್ದರೆ ಇಷ್ಟು ಕಷ್ಟವಲ್ಲ.

ನೋವು ಎರಡು ವಾರ ಮೀರಿದರೆ ಮೂಳೆ ತಜ್ಞರನ್ನು ಕಾಣಬೇಕು. ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಅಥವಾ ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನ ಜಯನಗರದಲ್ಲಿ ಸಂಜಯ್ ಗಾಂಧಿ ಮೂಳೆ ಆಸ್ಪತ್ರೆಯಿದೆ. ಹೋಗುವಾಗ ಹುಡುಗ ವಾರಕ್ಕೆ ಎಷ್ಟು ಓವರ್ ಹಾಕುತ್ತಾನೆ, ನೋವು ಯಾವ ಚೆಂಡಿನಿಂದ, ಯಾವ ದಿನದಿಂದ ಶುರುವಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.